ಹುಲ್ಲು ಬಲ್ಲವರು ದನ ಬಲ್ಲರು

ಮುಂಗಾರಿನ ಮೊದಲೆರಡು ಹದಮಳೆ ಬಿದ್ದರೆ ಬಯಲುಸೀಮೆಯ ಕುರಿಗಾಹಿಗೆ ಹಿಗ್ಗಿನ ಜೊತೆಗೆ ದಿಗಿಲೂ ಹುಟ್ಟುತ್ತದೆ. ಬೇಸಿಗೆಯೆಲ್ಲ ಒಣಮೇವು ಕಡಿದ ಕುರಿ ಎಳೆಹುಲ್ಲು ಕಂಡದ್ದೇ ಹೊಟ್ಟೆ ಬಿರಿಯ ಮೇಯುತ್ತದೆ. ಸಂಜೆ ಹಟ್ಟಿಗೆ ಬಂದ ದಷ್ಟಪುಷ್ಟ ಮರಿ ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿರುತ್ತದೆ. ಇದು ಕರುಳುಬೇನೆ. ಕರುಳಿನಲ್ಲಿ ಮೊದಲೇ ಇರುವ ಸೂಕ್ಷ್ಮಾಣು, ಮೇವು ಥಟ್ಟನೆ ಬದಲಾದಾಗ ಹೆಚ್ಚಿಕೊಂಡು ವಿಷ ಕಾರುತ್ತದೆ. ಆಮೇಲೆ ಔಷಧಿಗೆ ಓಡಿ ಪ್ರಯೋಜನ ಕಡಿಮೆ. ಮಳೆಗೆ ಮುಂಚೆಯೇ ಲಸಿಕೆ ಹಾಕಿಸಿರಬೇಕು, ಹೊಸ ಹುಲ್ಲಿಗೆ ಮಂದೆಯನ್ನು ಸ್ವಲ್ಪಸ್ವಲ್ಪವಾಗಿ ಬಿಡಬೇಕು.

ಲಸಿಕೆ, ಹುಲ್ಲು ಎರಡನ್ನೂ ಬಲ್ಲ ಮನುಷ್ಯ ಊರಿಗೊಬ್ಬ ಬೇಕು. ಅಂಥವರನ್ನು ತಯಾರು ಮಾಡಬಲ್ಲ ಓದು ನಮ್ಮಲ್ಲಿದೆ: ಎಸ್ಸೆಸ್ಸೆಲ್ಸಿ ಆದವರಿಗೆ ಎರಡು ವರ್ಷದ ಪಶುಸಂಗೋಪನಾ ಡಿಪ್ಲೊಮಾ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ತಿಪಟೂರು ತಾಲ್ಲೂಕಿನ ಕೋನೇಹಳ್ಳಿ, ಯಾದಗಿರಿ ಜಿಲ್ಲೆಯ ದೋರನಹಳ್ಳಿ ಮುಂತಾದ ಕಡೆ ಇದರ ಪಾಲಿಟೆಕ್ನಿಕ್‌ಗಳಿವೆ. ಇಲ್ಲಿ ಕಲಿತವರು ಪಶುವೈದ್ಯರಲ್ಲ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ, ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ ಲಸಿಕೆ, ಪ್ರಥಮ ಚಿಕಿತ್ಸೆಯಂಥ ಸಣ್ಣ ಸೇವೆಗಳನ್ನು ಅವರು ಕೊಡಬಹುದು. ಸಣ್ಣದೆಂದು ಕಾಯ್ದೆ ಕರೆದರೂ ಹಳ್ಳಿಯ ಕೊಟ್ಟಿಗೆಗೆ ಮೊದಲು ಬಂದು ನಿಲ್ಲುವವರು ಇವರೇ.

ಕೋನೇಹಳ್ಳಿಯ ಹೆಸರು ಬಂದಾಗಲೆಲ್ಲ ನನಗೆ ಕಾವಲುಗಳು ನೆನಪಾಗುತ್ತವೆ. ಅಮೃತಮಹಲ್ ತಳಿಯ ಸಂಶೋಧನೆ, ಪಾಲನೆ ಅಲ್ಲಿಯೇ ನಡೆಯುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಅರಮನೆಯ ದನಗಳ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಆ ದನಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಅವುಗಳಲ್ಲಿ ಬೇಸಿಗೆಯವು ಬೇರೆ, ಮಳೆಗಾಲದವು ಬೇರೆ, ಚಳಿಗಾಲದವು ಬೇರೆ. ನೀರು, ಮರದ ನೆರಳು ಇರುವಂಥವು ಬೇಸಿಗೆಗೆ. ದನ ಒಂದು ಕಾವಲಿನಲ್ಲಿದ್ದಾಗ ಇನ್ನೊಂದರ ಹುಲ್ಲು ಚಿಗುರಿ ಬೀಜ ಉದುರಿಸುತ್ತಿತ್ತು. ಹುಲ್ಲುಗಾವಲು ನಿರ್ವಹಣೆಯನ್ನು ಇದಕ್ಕಿಂತ ಸರಳವಾಗಿ ಕಲಿಸುವ ಪಾಠವನ್ನು ನಾನು ಕಂಡಿಲ್ಲ.

ರೋಗಕ್ಕೂ ನೆಲಕ್ಕೂ ನಂಟು ಬಲವಾದದ್ದು. ಇಬ್ಬನಿ ಆರದ ಹುಲ್ಲಿನ ತುದಿಗೆ ಜಂತುಹುಳುವಿನ ಮರಿಗಳು ಏರಿರುತ್ತವೆ. ಬಿಸಿಲೇರಿದ ಮೇಲೆ ಮಂದೆ ಬಿಡುವ ಕುರಿಗಾಹಿ ಅರ್ಧ ಔಷಧಿ ಉಳಿಸಿದಂತೆ. ಮಳೆಯಿಲ್ಲದೆ ಬಾಡಿದ ಎಳೆಜೋಳದ ಬೆಳೆಗೆ ನುಗ್ಗಿದ ಹಸು ವಿಷವೇರಿ ನಿಮಿಷಗಳಲ್ಲಿ ಉರುಳಬಹುದು. ಆಂಥ್ರಾಕ್ಸ್‌ನಿಂದ ಸತ್ತ ದನವನ್ನು ಕೊಯ್ದರೆ ರೋಗಾಣು ಮಣ್ಣಿಗಿಳಿದು ದಶಕಗಟ್ಟಲೆ ಅಲ್ಲೇ ಉಳಿಯುತ್ತದೆ. ಕೊಯ್ಯದೆ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕೆಂದು ಊರಿಗೆ ತಿಳಿಸಿ ಹೇಳುವುದು ಚುಚ್ಚುಮದ್ದಿಗಿಂತ ದೊಡ್ಡ ಕೆಲಸ.

ಆದರೆ ಮೇಯುವ ನೆಲವೇ ಕರಗುತ್ತಿದೆ. ಬಳ್ಳಾರಿ ಜಾಲಿ ಗೋಮಾಳಗಳನ್ನು ನುಂಗುತ್ತಿದೆ. ಚಳ್ಳಕೆರೆ ಸೀಮೆಯಲ್ಲಿ ಸಾವಿರಾರು ಎಕರೆ ಕಾವಲು ಸಂಸ್ಥೆಗಳ ಪಾಲಾಯಿತು. ಹುಲ್ಲುಗಾವಲನ್ನು ಪಾಳುಭೂಮಿಯೆಂದು ದಾಖಲೆಯಲ್ಲಿ ಬರೆಯುವ ಕಾಲದಲ್ಲಿ, ಅದು ಪಾಳಲ್ಲವೆಂದು ಹುಲ್ಲಿನ ಹೆಸರು ಹಿಡಿದು ಹೇಳಬಲ್ಲ ಹುಡುಗ ಹುಡುಗಿಯರು ಬೇಕಾಗಿದ್ದಾರೆ. ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಡಿಪ್ಲೊಮಾ ವಿದ್ಯಾರ್ಥಿಗಳನ್ನು ಅಲ್ಲಿಗೂ, ಅಜ್ಜಂಪುರದ ಕಾವಲುಗಳಿಗೂ ಕರೆದೊಯ್ದು ಒಂದು ಮಳೆಗಾಲವಾದರೂ ಉಳಿಸಬೇಕು.

ಕುರಿ, ದನ ಕಾಯುವ ಮನೆಗಳ ಅಪ್ಪ ಅಮ್ಮಂದಿರಲ್ಲಿ ಒಂದು ಮಾತು: ಮಗ ಅಥವಾ ಮಗಳು ಹತ್ತನೇ ತರಗತಿ ಪಾಸಾದರೆ, ವಿಶ್ವವಿದ್ಯಾಲಯದ ಪ್ರವೇಶ ಪ್ರಕಟಣೆ ಗಮನಿಸಿ ಈ ಓದಿಗೂ ಒಂದು ಅರ್ಜಿ ಹಾಕಿಸಿ.