ತುರ್ವಿಹಾಳದ ಮತದಾರನು ಯಾರ ಪಾಲಿನವನು?

ಸಿಂಧನೂರಿನಿಂದ ಮಸ್ಕಿಯ ಮೇಲೆ ಹಾಯ್ದು ಲಿಂಗಸುಗೂರಿಗೆ ಹೋಗುವ ಹೆದ್ದಾರಿಯನ್ನು ಬಲ್ಲ ನಮ್ಮ ವಾಚಕರಿಗೆ, ಈ ಮೂರು ಊರುಗಳು ಒಂದೇ ರಾಯಚೂರು ಜಿಲ್ಲೆಗೆ ಸೇರಿದವುಗಳೆಂದು ಹೇಳಬೇಕಾದುದಿಲ್ಲ. ಕಂದಾಯದ ಕಚೇರಿಯೂ ಪೋಲೀಸು ವ್ಯವಸ್ಥೆಯೂ ಒಂದೇ ಜಿಲ್ಲಾಸ್ಥಳಕ್ಕೆ ಅಧೀನವಾಗಿವೆ. ಆದರೆ ಲೋಕಸಭೆಯ ಚುನಾವಣೆ ಬಂದಿತೆಂದರೆ ಈ ಹೆದ್ದಾರಿಯ ನಡುವೆ ಕಣ್ಣಿಗೆ ಕಾಣದ ಒಂದು ಗಡಿಯು ಎದ್ದು ನಿಲ್ಲುವದು. ಸಿಂಧನೂರು, ಮಸ್ಕಿಗಳು ಕೊಪ್ಪಳದ ಲೋಕಸಭಾ ಕ್ಷೇತ್ರಕ್ಕೆ ಸೇರಿದರೆ, ಲಿಂಗಸುಗೂರು ರಾಯಚೂರಿನ ಕ್ಷೇತ್ರದಲ್ಲಿ ಉಳಿಯುವದು. 2024ರ ಮೇ 7ರಂದು ಮತ ಹಾಕಿದ ಈ ನೆರೆಹೊರೆಯವರಲ್ಲಿ ಒಬ್ಬರಿಗೆ ರಾಜಶೇಖರ ಹಿಟ್ನಾಳರು ಪ್ರತಿನಿಧಿಗಳಾದರು, ಇನ್ನೊಬ್ಬರಿಗೆ ಜಿ. ಕುಮಾರ ನಾಯಕರು.

ತುರ್ವಿಹಾಳದ ಒಬ್ಬ ಮತದಾರನನ್ನೇ ಉದಾಹರಣೆಗಾಗಿ ತೆಗೆದುಕೊಳ್ಳೋಣ. ಅವನ ತಹಶೀಲದಾರರು ಸಿಂಧನೂರಿನಲ್ಲಿ, ವಿಧಾನಸಭಾ ಸದಸ್ಯರು ಮಸ್ಕಿಯ ಕ್ಷೇತ್ರದವರು, ಜಿಲ್ಲಾಧಿಕಾರಿಗಳು ರಾಯಚೂರಿನಲ್ಲಿ, ಲೋಕಸಭಾ ಸದಸ್ಯರು ಕೊಪ್ಪಳದವರು. ತನ್ನ ಒಂದು ಅಹವಾಲಿನ ಸಲುವಾಗಿ ಈ ಬಡವನು ನಾಲ್ಕು ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕಾಗಿದೆ. ಕಳೆದ ಚುನಾವಣೆಯ ದಿನಗಳಲ್ಲಿ ಮಸ್ಕಿಯ ಒಂದು ಚಹದ ಅಂಗಡಿಯಲ್ಲಿ, ‘ನಮ್ಮ ಎಂಪಿ ಯಾರ್ರೀ, ರಾಯಚೂರಿನವರೋ ಕೊಪ್ಪಳದವರೋ?’ ಎಂದು ಒಬ್ಬ ವೃದ್ಧರು ಕೇಳಿದಾಗ, ಅಲ್ಲಿ ಕುಳಿತ ಐದಾರು ಮಂದಿಯಲ್ಲಿ ಎರಡು ಪಕ್ಷಗಳಾದುದನ್ನು ನಾವು ಕಂಡಿದ್ದೇವೆ. ನಗುವ ಸಂಗತಿಯೇನೋ ಅಹುದು, ಆದರೆ ನಕ್ಕು ಬಿಟ್ಟುಬಿಡುವಂಥದಲ್ಲ.

ಗಡಿಗಳು ಕದಲುವದು ಈ ಸೀಮೆಗೆ ಹೊಸದೇನೂ ಅಲ್ಲ. ಲಿಂಗಸುಗೂರು 1905ರವರೆಗೆ ನಿಜಾಮರ ಆಡಳಿತದಲ್ಲಿ ತಾನೇ ಒಂದು ಜಿಲ್ಲೆಯ ಮುಖ್ಯಸ್ಥಳವಾಗಿದ್ದಿತು. 1948ರ ಸಪ್ಟಂಬರದಲ್ಲಿ ಹೈದರಾಬಾದ ಸಂಸ್ಥಾನವು ಭಾರತದಲ್ಲಿ ಸೇರಿದ ಮೇಲೆಯೇ ಇಲ್ಲಿಯ ಜನಸಾಮಾನ್ಯರು ಪ್ರಾಯಸ್ಥ ಮತಾಧಿಕಾರದ ಮುಖವನ್ನು ಕಂಡರು. 1952ರ ಮೊದಲನೆಯ ಚುನಾವಣೆಯಲ್ಲಿ ಕುಷ್ಟಗಿಯ ಲೋಕಸಭಾ ಕ್ಷೇತ್ರದಿಂದ ಅಳವಂಡಿ ಶಿವಮೂರ್ತಿಸ್ವಾಮಿಗಳು ಯಾವ ಪಕ್ಷದ ಆಶ್ರಯವೂ ಇಲ್ಲದೆ ಆರಿಸಿ ಬಂದದ್ದು, ಆ ಹೊಸ ಮತದಾರರ ಸ್ವತಂತ್ರ ಬುದ್ಧಿಗೆ ಸಾಕ್ಷಿಯಾಗಿದೆ. 1956ರ ನವಂಬರ 1ಕ್ಕೆ ಈ ಭಾಗವು ಕನ್ನಡ ರಾಜ್ಯದಲ್ಲಿ ಒಂದಾಯಿತು. ಕೊಪ್ಪಳವು 1997ರ ವರೆಗೆ ರಾಯಚೂರು ಜಿಲ್ಲೆಯ ಒಡಲಲ್ಲೇ ಇದ್ದುದರಿಂದ, ಸಿಂಧನೂರಿನವರು ಕೊಪ್ಪಳದ ಹೆಸರಿಗೆ ಮತ ಹಾಕುವದರಲ್ಲಿ ಆಗ ಅಷ್ಟಾಗಿ ವಿಪರೀತ ಕಾಣುತ್ತಿರಲಿಲ್ಲ. ಜಿಲ್ಲೆ ಒಡೆದು ಎರಡಾಯಿತು, ಕ್ಷೇತ್ರದ ಗಡಿ ಮಾತ್ರ ಜಿಲ್ಲೆಯ ಗಡಿಯನ್ನು ಅನುಸರಿಸಲಿಲ್ಲ.

ಈಗಿನ ವ್ಯವಸ್ಥೆಯು 2002ರ ಕಾನೂನಿನ ಮೇರೆಗೆ ನ್ಯಾಯಮೂರ್ತಿ ಕುಲದೀಪ ಸಿಂಗರ ಅಧ್ಯಕ್ಷತೆಯ ಕ್ಷೇತ್ರ ಪುನರ್ವಿಂಗಡಣಾ ಆಯೋಗವು 2001ರ ಜನಗಣತಿಯ ಆಧಾರದ ಮೇಲೆ ಮಾಡಿದುದು. 2008ರ ಚುನಾವಣೆಯಿಂದ ನಡೆದು ಬಂದಿದೆ. ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲೂಕುಗಳ ಹಳ್ಳಿಗಳನ್ನು ಕೂಡಿಸಿ ಮಸ್ಕಿಯೆಂಬ ಹೊಸ ವಿಧಾನಸಭಾ ಕ್ಷೇತ್ರವನ್ನು ಆಗಲೇ ಹುಟ್ಟಿಸಲಾಯಿತು. ಮಸ್ಕಿ ತಾಲೂಕು ಹುಟ್ಟಿದ್ದು ಅದರ ಎಷ್ಟೋ ವರ್ಷಗಳ ಅನಂತರ. ಜಿಲ್ಲೆಯ 7 ಕ್ಷೇತ್ರಗಳಲ್ಲಿ ರಾಯಚೂರು ಗ್ರಾಮಾಂತರ, ಮಾನ್ವಿ, ದೇವದುರ್ಗ, ಮಸ್ಕಿ ಈ 4 ಪರಿಶಿಷ್ಟ ಪಂಗಡಗಳಿಗೂ, ಲಿಂಗಸುಗೂರು ಪರಿಶಿಷ್ಟ ಜಾತಿಗಳಿಗೂ ಮೀಸಲಾದವು. ಸಾಮಾನ್ಯ ಕ್ಷೇತ್ರಗಳಾಗಿ ಉಳಿದವು ಸಿಂಧನೂರು ಮತ್ತು ರಾಯಚೂರು ನಗರ ಮಾತ್ರ. ಇದರ ಬಗ್ಗೆ ಕೆಲವು ಗೌಡ ಮನೆತನಗಳಲ್ಲಿ ಇನ್ನೂ ಗೊಣಗುಟ್ಟುವಿಕೆ ಕೇಳಿ ಬರುವದು. ಆ ಪಂಗಡಗಳ ಜನಸಂಖ್ಯೆಯ ಪ್ರಮಾಣವು ಎಲ್ಲಿ ಹೆಚ್ಚೋ ಅಲ್ಲಿ ಸ್ಥಾನಗಳನ್ನು ಕಾದಿರಿಸಬೇಕೆಂದು ಕಾನೂನೇ ಹೇಳಿರುವಾಗ ಈ ಗೊಣಗಾಟಕ್ಕೆ ಆಧಾರವಿಲ್ಲವೆಂದು ನಮ್ಮ ಸ್ಪಷ್ಟ ಅಭಿಪ್ರಾಯ.

ಹೊಸ ಕ್ಷೇತ್ರವಾದ ಮಸ್ಕಿಯ ಕತೆಯಾದರೋ ಇಡೀ ರಾಜ್ಯದ ಲಕ್ಷ್ಯವನ್ನು ಸೆಳೆದಿತು. ಪ್ರತಾಪಗೌಡ ಪಾಟೀಲರು 2008ರಲ್ಲಿ ಭಾರತೀಯ ಜನತಾ ಪಕ್ಷದಿಂದಲೂ 2013ರಲ್ಲಿ ಕಾಂಗ್ರೆಸ್ಸಿನಿಂದಲೂ ಆರಿಸಿ ಬಂದರು. 2018ರಲ್ಲಿ ಮತ್ತೆ ಕಾಂಗ್ರೆಸ್ಸಿನವರಾಗಿ, ಭಾಜಪದ ಉಮೇದುವಾರರಾದ ಬಸನಗೌಡ ತುರ್ವಿಹಾಳರನ್ನು ಕೇವಲ 213 ಮತಗಳಿಂದ ಸೋಲಿಸಿದರು. ಸೋತವರು ಉಚ್ಚ ನ್ಯಾಯಾಲಯಕ್ಕೆ ತಕರಾರು ಒಯ್ದರು. ಅಷ್ಟರಲ್ಲಿ 2019ರ ಜುಲೈ ತಿಂಗಳಲ್ಲಿ ಸಮ್ಮಿಶ್ರ ಸರಕಾರವನ್ನು ಉರುಳಿಸಿದ ಶಾಸಕರ ಗುಂಪಿನಲ್ಲಿ ಗೆದ್ದವರು ಸೇರಿ, ಸಭಾಧ್ಯಕ್ಷರಿಂದ ಅನರ್ಹರೆನಿಸಿದರು. ಆ ವರ್ಷದ ದಶಂಬರ 5ರಂದು 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತು. ತಕರಾರು ಇತ್ಯರ್ಥವಾಗದ ಕಾರಣ ಮಸ್ಕಿ ಮತ್ತು ಬೆಂಗಳೂರಿನ ರಾಜರಾಜೇಶ್ವರಿನಗರ ಹಾಗೆಯೇ ಉಳಿದವು. ತೆರವಾದ ಸ್ಥಾನವನ್ನು ಆರು ತಿಂಗಳೊಳಗೆ ತುಂಬಬೇಕೆಂಬುದು ಸಾಮಾನ್ಯ ನಿಯಮ. ಮಸ್ಕಿಯವರು ಹೆಚ್ಚು ಕಡಿಮೆ 21 ತಿಂಗಳು ವಿಧಾನಸಭೆಯಲ್ಲಿ ತಮ್ಮವರೆಂಬವರಿಲ್ಲದೆ ಕಾದರು. ಮಹಾಮಾರಿಯ ಮೊದಲನೆಯ ವರ್ಷವು ಅದರಲ್ಲಿಯೇ ಕಳೆಯಿತು.

ಕೊನೆಗೆ 2021ರ ಏಪ್ರಿಲ್ 17ರಂದು ಮತದಾನವಾದಾಗ, ಮೂರು ವರ್ಷಗಳ ಹಿಂದೆ ಕಾದಾಡಿದ ಅದೇ ಇಬ್ಬರು ಎದುರೆದುರಾಗಿದ್ದರು. ಪಕ್ಷಗಳು ಮಾತ್ರ ಅದಲು ಬದಲು! ಅದೇ ದಿನ ಚುನಾವಣೆ ನಡೆದ ಬಸವಕಲ್ಯಾಣ ಮತ್ತು ಬೆಳಗಾವಿಗಳಲ್ಲಿ ಆಳುವ ಪಕ್ಷವು ಗೆದ್ದಿತು. ಮಸ್ಕಿಯಲ್ಲಿ ಮಂತ್ರಿಗಳ ಮೋಟಾರುಗಳು ವಾರಗಟ್ಟಲೆ ಧೂಳೆಬ್ಬಿಸಿದರೂ, ತುರ್ವಿಹಾಳರು 30,000ಕ್ಕೂ ಮಿಕ್ಕಿದ ಮತಗಳಿಂದ ಆರಿಸಿ ಬಂದರು. 2023ರಲ್ಲಿಯೂ ಅವರೇ ಗೆದ್ದರು. ಪಕ್ಷಾಂತರಕ್ಕೆ ಜನರು ಕೊಟ್ಟ ಶಿಕ್ಷೆಯಿದು ಎಂದು ರಾಜಧಾನಿಯ ಪಂಡಿತರು ಬರೆದರು. ಅದು ಅರ್ಧ ಸತ್ಯ. ತುರ್ವಿಹಾಳರೂ ಪಕ್ಷ ಬಿಟ್ಟು ಬಂದವರೇ ಅಲ್ಲವೇ? ಉಳಿದ ಅರ್ಧವು ನೀರಿನಲ್ಲಿದೆ. ನಾರಾಯಣಪುರ ಬಲದಂಡೆಯ 5ಎ ಶಾಖಾ ಕಾಲುವೆಯಿಂದ ತಮ್ಮ ಒಣಭೂಮಿಗೆ ನೀರು ಹರಿಸಬೇಕೆಂದು ಪಾಮನಕಲ್ಲೂರಿನಲ್ಲಿ ರೈತರು ತಿಂಗಳಾನುಗಟ್ಟಲೆ ಧರಣಿ ಕುಳಿತಿದ್ದರು. ಅದು ಸಾಧ್ಯವಾಗದು, ಬೇರೆ ಯೋಜನೆಯಿಂದ ನೀರು ಕೊಡುವೆವೆಂದು ಸರಕಾರವು ಹೇಳಿದ ಮಾತನ್ನು ಅವರು ನಂಬಲಿಲ್ಲ.

ಸಿಂಧನೂರಿನಲ್ಲಿ ಇಂಥ ಕೋಲಾಹಲಗಳಿಲ್ಲ. ಅಲ್ಲಿ 2008ರಲ್ಲಿ ವೆಂಕಟರಾವ್ ನಾಡಗೌಡರು, 2013ರಲ್ಲಿ ಹಂಪನಗೌಡ ಬಾದರ್ಲಿಯವರು, 2018ರಲ್ಲಿ ಮರಳಿ ನಾಡಗೌಡರು, 2023ರಲ್ಲಿ ಮರಳಿ ಬಾದರ್ಲಿಯವರು, ಗಡಿಯಾರದ ಲೋಲಕದಂತೆ. ಭತ್ತದ ಬೆಳೆಗಾರರೂ, ಪೂರ್ವಬಂಗಾಲದಿಂದ ನಿರಾಶ್ರಿತರಾಗಿ ಬಂದು ನೆಲೆಸಿದ ಕ್ಯಾಂಪುಗಳವರೂ, ಆಂಧ್ರದಿಂದ ಬಂದ ಒಕ್ಕಲುಗಳೂ ಕೂಡಿ ಹಾಕುವ ಮತವಿದು. ಲಿಂಗಸುಗೂರಿನಲ್ಲಿ ಮಾನಪ್ಪ ವಜ್ಜಲರು 2008, 2013, 2023ರಲ್ಲಿ ಗೆದ್ದರು, ನಡುವೆ 2018ರಲ್ಲಿ ಡಿ. ಎಸ್. ಹೂಲಗೇರಿಯವರು. ವಜ್ಜಲರು 2013ರಲ್ಲಿ ಜನತಾ ದಳದವರಾಗಿ, ಉಳಿದ ಎರಡು ಸಾರಿ ಭಾಜಪದವರಾಗಿ ಗೆದ್ದರೆಂಬುದನ್ನು ನೋಡಿದರೆ, ಇಲ್ಲಿಯ ಮತದಾರನು ಚಿಹ್ನೆಗಿಂತ ಮನುಷ್ಯನನ್ನು ನೋಡುವನೆಂದು ಹೇಳಬಹುದಾಗಿದೆ.

ನಮಗೆ ಮುಖ್ಯವೆಂದು ತೋರುವ ಸಂಗತಿ ಬೇರೆಯಿದೆ. ತುಂಗಭದ್ರೆಯ ಎಡದಂಡೆ ಕಾಲುವೆಯು ಮುನಿರಾಬಾದಿನಿಂದ ಹೊರಟು ಗಂಗಾವತಿ, ಸಿಂಧನೂರುಗಳನ್ನು ಹಾಯ್ದು ಮಾನ್ವಿ, ರಾಯಚೂರುಗಳ ಕಡೆಗೆ ಹೋಗುವದು. ಕಾಲುವೆಯ ತಲೆಯೂ ನಡುವೂ ಕೊಪ್ಪಳ ಕ್ಷೇತ್ರದಲ್ಲಿ, ಬಾಲವು ರಾಯಚೂರು ಕ್ಷೇತ್ರದಲ್ಲಿ! ಮೇಲಿನವರು ಹೆಚ್ಚು ನೀರೆಳೆದುಕೊಂಡರೆ ಕೆಳಗಿನವರ ಗದ್ದೆ ಒಣಗುವದು ಪ್ರತಿ ವರ್ಷದ ಜಗಳ. ಒಬ್ಬ ಲೋಕಸಭಾ ಸದಸ್ಯರು ತಲೆಯವರಿಗೆ ಉತ್ತರ ಹೇಳಬೇಕು, ಇನ್ನೊಬ್ಬರು ಬಾಲದವರಿಗೆ. ಇಡೀ ಕಾಲುವೆಗೆ ಹೊಣೆಯಾಗುವವರು ಯಾರೂ ಇಲ್ಲ. ಮಸ್ಕಿಯದು ಇದರ ತಿರುವು: ಅಲ್ಲಿಯವರು ಬೇಡಿದ ಕೃಷ್ಣೆಯ ನೀರಿನ ಕಾಲುವೆಯು ಲಿಂಗಸುಗೂರು, ದೇವದುರ್ಗಗಳ ಕಡೆಗಿದೆ, ಅಂದರೆ ರಾಯಚೂರಿನ ಸದಸ್ಯರ ಸೀಮೆಯಲ್ಲಿ, ಅವರ ಮತವೋ ಕೊಪ್ಪಳಕ್ಕೆ. 2024ರ ಅಗಸ್ಟ 10ರ ರಾತ್ರಿ ತುಂಗಭದ್ರೆಯ 19ನೆಯ ಗೇಟು ಕೊಚ್ಚಿ ಹೋದಾಗ, ಅಣೆಕಟ್ಟಿನ ನೀರು ಇಳಿಯುತ್ತಿರುವದನ್ನು ಕಂಡು ಸಿಂಧನೂರೂ ಮಾನ್ವಿಯೂ ಒಂದೇ ಬಗೆಯಾಗಿ ನಡುಗಿದವು. ಆ ಅಣೆಕಟ್ಟಿನ ಆಡಳಿತದಲ್ಲಿ ನೆರೆರಾಜ್ಯಗಳಿಗೂ ಕೇಂದ್ರಕ್ಕೂ ಕೈಯಿರುವದರಿಂದ, ದಿಲ್ಲಿಯಲ್ಲಿ ಆಡುವ ಮಾತಿಗೆ ಇಲ್ಲಿ ಬೆಲೆಯಿದೆ.

ಈ ವಿಷಯವನ್ನು ಈಗಲೇ ಎತ್ತುವದಕ್ಕೆ ಕಾರಣವುಂಟು. 2001ರ ಸಂವಿಧಾನ ತಿದ್ದುಪಡಿಯು ಲೋಕಸಭಾ ಸ್ಥಾನಗಳ ಹಂಚಿಕೆಯನ್ನು 2026ರ ಅನಂತರದ ಮೊದಲನೆಯ ಜನಗಣತಿಯವರೆಗೆ ತಡೆಹಿಡಿದಿತು. ಆ ಗಣತಿಗೆ 2027ರ ಮಾರ್ಚ 1ನ್ನು ಸರಕಾರವು 2025ರಲ್ಲಿ ಗೊತ್ತುಪಡಿಸಿತು. ನಮ್ಮ ರಾಜ್ಯದ 28 ಸ್ಥಾನಗಳು ಹೆಚ್ಚುವವೋ, ಉತ್ತರದವರ ಮುಂದೆ ಕುಗ್ಗುವವೋ ಎಂಬ ದೊಡ್ಡ ಚರ್ಚೆಯನ್ನು ದೊಡ್ಡವರು ನಡೆಸುತ್ತಿದ್ದಾರೆ, ನಡೆಸಲಿ. ಹಳ್ಳಿ ಹಳ್ಳಿಯ ಗಡಿಯನ್ನು ಎಳೆಯುವ ಸಣ್ಣ ಕೆಲಸದ ಕಡೆಗೆ ಯಾರ ಕಣ್ಣೂ ಇಲ್ಲ. ಕಳೆದ ಸಾರಿಯ ಕಾನೂನಿನಲ್ಲಿ ಆಡಳಿತದ ಗಡಿಗಳು, ಸಂಚಾರದ ಸೌಕರ್ಯ, ಜನರ ಅನುಕೂಲ ಇವನ್ನು ಗಮನಿಸಬೇಕೆಂದಿದ್ದಿತು. ಕರಡನ್ನು ಪ್ರಕಟಿಸಿ ಬಹಿರಂಗ ಸಭೆಯಲ್ಲಿ ಆಕ್ಷೇಪಣೆ ಕೇಳಬೇಕೆಂದೂ ಇದ್ದಿತು. ಕೊನೆಯ ಆಜ್ಞೆ ಹೊರಟ ಮೇಲೆ ಮಾತ್ರ ಯಾವ ನ್ಯಾಯಾಲಯದಲ್ಲಿಯೂ ಪ್ರಶ್ನಿಸುವಂತಿಲ್ಲವೆಂದು ಆ ಕಾನೂನಿನಲ್ಲಿದ್ದಿತು. ಆಯೋಗದ ಜತೆಗೆ ಕೂಡ್ರುವ ಸಂಸದರಿಗೂ ಶಾಸಕರಿಗೂ ಸಲಹೆಯ ಅಧಿಕಾರವಿದ್ದಿತೇ ಹೊರತು ಮತದ ಅಧಿಕಾರವಿರಲಿಲ್ಲ. ಆದುದರಿಂದ ಹೇಳಬೇಕಾದುದನ್ನು ಊರವರೇ ಹೇಳಬೇಕು, ಅದೂ ಕರಡಿನ ಕಾಲದಲ್ಲಿಯೇ.

ಮೂರೂ ಊರುಗಳ ವಕೀಲರ ಸಂಘಗಳೂ, ನೀರು ಬಳಕೆದಾರರ ಸಹಕಾರ ಸಂಘಗಳೂ ತಂತಮ್ಮ ಕಾಲುವೆ, ತಾಲೂಕು, ಕ್ಷೇತ್ರಗಳ ನಕಾಶೆಗಳನ್ನು ಒಂದರ ಮೇಲೊಂದಿಟ್ಟು ನೋಡಿ, ಯಾವ ಹಳ್ಳಿ ಎಲ್ಲಿ ಸೇರಿದರೆ ಅನುಕೂಲವೆಂಬುದರ ಯಾದಿಯನ್ನು ಈಗಲೇ ಸಿದ್ಧಪಡಿಸಬಹುದಾಗಿದೆ. ಅಂಥ ಮನವಿಗಳಿಗೆ ನಮ್ಮ ಪತ್ರಿಕೆಯಲ್ಲಿ ಸ್ಥಳವಿದೆ. ಕಾಗದದ ಒಂದೇ ಮಗ್ಗುಲಿಗೆ ಬರೆದು, ಊರ ಹೆಸರುಗಳನ್ನು ಸ್ಪಷ್ಟವಾದ ಅಕ್ಷರಗಳಲ್ಲಿ ಕಾಣಿಸಿ ಕಳಿಸಬೇಕಾಗಿ ಕೋರುತ್ತೇವೆ.