ಹಳೆಯ ಡೀಸೆಲ್ ಕಾರನ್ನು ಕೊಳ್ಳುವ ಮುನ್ನ

ಎತ್ತನ್ನು ಕೊಳ್ಳುವ ರೈತನು ಅದರ ಹಲ್ಲನ್ನೆಣಿಸಿ, ಸುಳಿಯನ್ನು ನೋಡಿ, ನಾಲ್ಕು ಹೆಜ್ಜೆ ನಡೆಯಿಸಿ, ಆಮೇಲೆ ಬೆಲೆಯ ಮಾತನ್ನೆತ್ತುತ್ತಾನೆ. ಅದಕ್ಕಿಂತ ಹಲವು ಪಟ್ಟು ಹಣ ತೆತ್ತು ಹಳೆಯ ಕಾರನ್ನು ಕೊಳ್ಳುವವರಾದರೋ ಬಹುಮಟ್ಟಿಗೆ ಅದರ ಬಣ್ಣಕ್ಕೇ ಮರುಳಾಗುತ್ತಾರೆ. 2020ರ ಏಪ್ರಿಲಿನಲ್ಲಿ ಭಾರತ್ ಆರನೆಯ ಹಂತದ ಹೊಗೆ ನಿಯಮಗಳು ಜಾರಿಗೆ ಬಂದಾಗ ಮಾರುತಿ ಸಂಸ್ಥೆಯು ಡೀಸೆಲ್ ಕಾರುಗಳ ತಯಾರಿಕೆಯನ್ನೇ ನಿಲ್ಲಿಸಿತು. ಮಾರುತಿಯ ಸಣ್ಣ ಡೀಸೆಲ್ ಕಾರು ಬೇಕೆನ್ನುವವರು ಹಳೆಯದನ್ನೇ ಅರಸಬೇಕಾಯಿತು. ಹೊನ್ನಾವರದಂತಹ ಕಡಲ ತೀರದ ಊರಿನಲ್ಲಿ ಹಾಗೆ ಅರಸುವವರು ಯಾವುದನ್ನು ಪರೀಕ್ಷಿಸಬೇಕು, ಏಕೆ ಪರೀಕ್ಷಿಸಬೇಕು ಎಂಬುದನ್ನು ಇಲ್ಲಿ ವಿಚಾರಿಸೋಣ.

ಪೆಟ್ರೋಲ್ ಎಂಜಿನ್ನಿನಲ್ಲಿ ವಿದ್ಯುತ್ತಿನ ಕಿಡಿಯು ಇಂಧನವನ್ನು ಹೊತ್ತಿಸುತ್ತದೆ. ರುಡಾಲ್ಫ್ ಡೀಸೆಲನು 1897ರಲ್ಲಿ ಜರ್ಮನಿಯ ಔಗ್ಸ್‌ಬುರ್ಗ್ ನಗರದಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪು ಬಿಸಿಯಾಗುವುದನ್ನು ವಾಚಕರು ಬಲ್ಲರಷ್ಟೆ. ಅಂತೆಯೇ ಸಿಲಿಂಡರಿನೊಳಗಿನ ಗಾಳಿಯನ್ನು ಸುಮಾರು ಹದಿನಾರನೆಯ ಒಂದು ಪಾಲಿಗೆ ಅಮುಕಿದರೆ ಅದರ ಉಷ್ಣತೆ 500 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ. ಅದರೊಳಗೆ ಚಿಮ್ಮಿದ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಈ ಒತ್ತಡವೇ ಡೀಸೆಲ್ ಎಂಜಿನ್ನಿನ ಪ್ರಾಣ. ಪಿಸ್ಟನ್ನಿನ ಉಂಗುರಗಳು ಸವೆದು ಗಾಳಿ ಸೋರತೊಡಗಿದರೆ ಕಾವು ಸಾಲದಾಗುತ್ತದೆ.

ಆದುದರಿಂದ ಮೊದಲನೆಯ ಪರೀಕ್ಷೆ ಮುಂಜಾನೆ, ಎಂಜಿನ್ನು ತಣ್ಣಗಿರುವಾಗಲೇ ಆಗಬೇಕು. ಮುಚ್ಚಳವನ್ನು ಮುಟ್ಟಿ ನೋಡಿರಿ. ಬೆಚ್ಚಗಿದ್ದರೆ ಮಾರುವವರು ಮೊದಲೇ ಚಾಲೂ ಮಾಡಿದ್ದಾರೆಂದು ತಿಳಿದು, ಮತ್ತೊಂದು ದಿನ ಬರುವುದು ಲೇಸು. ಸುರುಳಿಯಾಕಾರದ ದೀಪ ಆರಿದೊಡನೆ ಕೀಲಿಯನ್ನು ತಿರುಗಿಸಿದರೆ, ಚಳಿ ಹೆಚ್ಚಿಲ್ಲದ ನಮ್ಮ ಕರಾವಳಿಯಲ್ಲಿ ಸ್ವಸ್ಥವಾದ ಎಂಜಿನ್ನು ಕೆಲವೇ ಕ್ಷಣಗಳಲ್ಲಿ ಓಡಬೇಕು.

ಅನಂತರ ಹೊಗೆಯನ್ನು ನೋಡಬೇಕು. ಎಡೆಬಿಡದೆ ಬರುವ ಕಪ್ಪು ಹೊಗೆ, ಎಣ್ಣೆ ಹೆಚ್ಚಾಯಿತು ಅಥವಾ ಗಾಳಿ ಕಡಿಮೆಯಾಯಿತು ಎಂಬುದರ ಸೂಚನೆ. ನೀಲಿ ಹೊಗೆ, ಕೀಲೆಣ್ಣೆ ಉರಿಯುತ್ತಿರುವುದರ ಗುರುತು. ಎಂಜಿನ್ನು ಬಿಸಿಯಾದ ಮೇಲೂ ಬಿಳಿಯ ಹೊಗೆ ನಿಲ್ಲದಿದ್ದರೆ, ತಂಪುಗೊಳಿಸುವ ನೀರು ಸಿಲಿಂಡರಿಗೆ ಸೋರುತ್ತಿರಬಹುದು. ಎಂಜಿನ್ನು ಓಡುತ್ತಿರುವಾಗ ಕೀಲೆಣ್ಣೆ ಹಾಕುವ ಮುಚ್ಚಳವನ್ನು ತೆಗೆದು ನೋಡಿದರೆ, ಹೊಗೆ ಬುಸುಬುಸು ಎಂದು ನುಗ್ಗಿ ಬರಬಾರದು. ಕೀಲೆಣ್ಣೆಯ ಬಣ್ಣ ಕಪ್ಪಾಗಿದ್ದರೆ ಮಾತ್ರ ಅಂಜಬೇಕಾಗಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಅದು ಸಹಜ.

ಹೊನ್ನಾವರದವರಿಗೆ ಪರೀಕ್ಷೆಯ ರಸ್ತೆ ಹತ್ತಿರದಲ್ಲೇ ಇದೆ. ಶರಾವತಿಯ ದಂಡೆಯಗುಂಟ ಗೇರುಸೊಪ್ಪೆಯವರೆಗೆ ಸಾಗಿ, ಜೋಗದ ಕಡೆಗೆ ಘಟ್ಟವನ್ನು ಹತ್ತಿಸಿ ನೋಡಿರಿ. ಸಮತಲದಲ್ಲಿ ಅಡಗಿದ್ದ ದೋಷಗಳು ಏರಿನಲ್ಲಿ ಹೊರಬೀಳುತ್ತವೆ. ಕ್ಲಚ್ಚು ಜಾರಿದರೆ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ಟರ್ಬೋ ಕೆಟ್ಟಿದ್ದರೆ ಕಾರು ಏದುಸಿರು ಬಿಡುತ್ತದೆ. ತಂಪಿನ ವ್ಯವಸ್ಥೆ ಸರಿಯಿಲ್ಲದಿದ್ದರೆ ಉಷ್ಣತೆಯ ಮುಳ್ಳು ಮೇಲಕ್ಕೇರುತ್ತದೆ.

ಆರನೆಯ ಹಂತದ ಕಾರುಗಳಲ್ಲಿ ಹೊಗೆಯ ಮಸಿಯನ್ನು ತಡೆಹಿಡಿಯುವ ಸೋಸುಕವಿರುತ್ತದೆ. ಅದರಲ್ಲಿ ತುಂಬಿದ ಮಸಿ ಸುಟ್ಟುಹೋಗಲು ಸುಮಾರು 600 ಡಿಗ್ರಿ ಕಾವು ಬೇಕು. ಪೇಟೆಯಿಂದ ಮನೆಗೆ, ಮನೆಯಿಂದ ಪೇಟೆಗೆ ಎಂದು ಅಲ್ಪದೂರ ಮಾತ್ರ ಓಡಿದ ಕಾರಿನಲ್ಲಿ ಆ ಕಾವು ಹುಟ್ಟದೆ ಸೋಸುಕ ಕಟ್ಟಿಕೊಳ್ಳುತ್ತದೆ. ಹೊಗೆಕೊಳವೆಯ ಒಳಗೆ ಬೆರಳಾಡಿಸಿದಾಗ ದಟ್ಟವಾದ ಮಸಿ ಅಂಟಿದರೆ, ಸೋಸುಕ ಒಡೆದಿದೆ ಅಥವಾ ಅದನ್ನು ಕಿತ್ತುಹಾಕಿದ್ದಾರೆ ಎಂದು ಸಂಶಯಪಡಬೇಕು.

ಇಷ್ಟೆಲ್ಲ ಸರಿಯಿದ್ದರೂ ಕರಾವಳಿಯ ಕಾರಿಗೆ ಮತ್ತೊಬ್ಬ ಶತ್ರುವಿದ್ದಾನೆ: ಉಪ್ಪು. ನೀರಿನಿಂದ ತೊಯ್ದ ಕಬ್ಬಿಣದ ಮೇಲೆ ಸೂಕ್ಷ್ಮವಾದ ವಿದ್ಯುತ್ ಪ್ರವಾಹಗಳು ಹರಿದು ತುಕ್ಕು ಹುಟ್ಟುತ್ತದೆ. ಉಪ್ಪುನೀರು ವಿದ್ಯುತ್ತನ್ನು ಸುಲಭವಾಗಿ ಒಯ್ಯುವುದರಿಂದ ತುಕ್ಕು ಬೇಗನೆ ಹಬ್ಬುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಈ ಊರಿನಲ್ಲಿ, ಕಾಸರಕೋಡಿನ ಕಡಲಂಚಿನಲ್ಲಿ ನಿಂತ ಕಾರಿನ ತಳವನ್ನು ನೋಡದೆ ಕೊಳ್ಳುವುದು ಸಲ್ಲದು. ಕಾರನ್ನು ಮೇಲೆತ್ತಿಸಿ, ಸ್ಪ್ರಿಂಗುಗಳ ಬುಡ, ಬ್ರೇಕಿನ ಕೊಳವೆ, ಬಾಗಿಲುಗಳ ಕೆಳಗಂಚು, ಹೆಚ್ಚುವರಿ ಚಕ್ರದ ಗುಳಿ ಇವನ್ನು ಪರೀಕ್ಷಿಸಬೇಕು. ತಳಕ್ಕೆ ಹೊಸದಾಗಿ ಬಳಿದ ಕಪ್ಪು ಬಣ್ಣ ಸಂಶಯಾಸ್ಪದ.

2019ರ ಆಗಸ್ಟಿನ ನೆರೆಯಲ್ಲಿ ಉತ್ತರ ಕನ್ನಡದ ನದೀತೀರದ ಹಲವು ಊರುಗಳು ಮುಳುಗಿದ್ದವು. ಸೀಟಿನ ಪಟ್ಟಿಯನ್ನು ಕೊನೆಯವರೆಗೆ ಎಳೆದಾಗ ಕೆಸರಿನ ಗೆರೆ ಕಂಡರೆ, ಕಾರು ಮುಳುಗಿದ್ದುದು ಎಂದೇ ಎಣಿಸಬಹುದು. ನೀರು ಗಾಳಿಯಂತೆ ಅಮುಕಲು ಬಗ್ಗದು. ಸಿಲಿಂಡರಿಗೆ ನುಗ್ಗಿದ ನೀರು ಪಿಸ್ಟನ್ನಿನ ದಂಡವನ್ನೇ ಬಗ್ಗಿಸಬಲ್ಲದು.

ಕೊನೆಗೆ ಕಾಗದಪತ್ರಗಳು. ಹೊನ್ನಾವರದಲ್ಲಿ ನೋಂದಣಿಯಾದ ಕಾರಿಗೆ ಕೆಎ 47 ಎಂಬ ಗುರುತಿರುತ್ತದೆ. ನೋಂದಣಿ ಪತ್ರದಲ್ಲಿರುವ ಚಾಸಿ ಮತ್ತು ಎಂಜಿನ್ ಸಂಖ್ಯೆಗಳು ಕಾರಿನ ಮೇಲಿನವುಗಳಿಗೆ ಅಕ್ಷರಶಃ ಹೊಂದಬೇಕು. ಬ್ಯಾಂಕಿನ ಸಾಲ ತೀರಿರಬೇಕು. ವರ್ಗಾವಣೆಯ 29 ಮತ್ತು 30ನೆಯ ನಮೂನೆಗಳಿಗೆ ಸಹಿ ಬೀಳಬೇಕು. ಗೋವೆಯಿಂದ ಬಂದ ಕಾರಾದರೆ ಅಲ್ಲಿಯ ನಿರಾಕ್ಷೇಪಣಾ ಪತ್ರವೂ ಬೇಕು, ಕರ್ನಾಟಕದ ರಸ್ತೆ ತೆರಿಗೆಯನ್ನೂ ಬೆಲೆಗೆ ಕೂಡಿಸಿ ಲೆಕ್ಕ ಹಾಕಬೇಕು.

ಎಂಜಿನ್ನಿನ ದೋಷವನ್ನು ನುರಿತ ಮೆಕ್ಯಾನಿಕ್ಕನು ಅಳೆದು ಹೇಳಬಲ್ಲನು. ದುರಸ್ತಿಯ ಖರ್ಚನ್ನು ಬೆಲೆಯಲ್ಲಿ ಕಳೆಯಬಹುದು. ತುಕ್ಕು ತಿಂದ ತಳಕ್ಕೂ ತೊಡಕಿನ ಕಾಗದಕ್ಕೂ ಅಂತಹ ಲೆಕ್ಕ ನಡೆಯದು. ಅವು ಕಂಡಲ್ಲಿ, ಬೆಲೆ ಎಷ್ಟೇ ಇಳಿದರೂ, ಕೈಮುಗಿದು ಹಿಂದಿರುಗುವುದೇ ವಿವೇಕ.