ಬಾಗಳಿಯ ಮಂಟಪವೂ ನಮ್ಮ ದೇವಾಲಯಗಳೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ವಾಸ್ತುಪರಂಪರೆ ಎಂದೊಡನೆ ನೆರೆಯ ಹಂಪಿ ನೆನಪಾಗುವುದು ಸಹಜ. ಆದರೆ ವಿಜಯನಗರದ ಸ್ಥಾಪನೆಗೆ ಮುನ್ನೂರು ವರ್ಷಗಳಿಗೂ ಹಿಂದೆಯೇ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಈ ಸೀಮೆಯಲ್ಲಿ ಶ್ರೇಷ್ಠ ದೇಗುಲಗಳು ತಲೆಯೆತ್ತಿದ್ದವು. ಅಲೆಕ್ಸಾಂಡರ್ ರೀ 1896ರಲ್ಲಿ ಪ್ರಕಟಿಸಿದ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥವು, ಅಂದು ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯ ದೇಗುಲಗಳನ್ನೇ ಮುಖ್ಯವಾಗಿ ವಿವರಿಸುತ್ತದೆ. ಕೂಡ್ಲಿಗಿ ಸೀಮೆಯ ಅಂಬಳಿ, ಹಡಗಲಿ ಸೀಮೆಯ ಮಾಗಳ, ಹಿರೇಹಡಗಲಿ, ಕುರುವತ್ತಿ, ಹರಪನಹಳ್ಳಿ ಸೀಮೆಯ ನೀಲಗುಂದ, ಬಾಗಳಿ ಇವು ಅವುಗಳಲ್ಲಿ ಪ್ರಮುಖವಾದವು.

ಬಾಗಳಿಯ ಕಲ್ಲೇಶ್ವರ ದೇಗುಲವನ್ನು ದುಗ್ಗಿಮಯ್ಯನು ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ಅದರ ಕಾಲ 987ರ ಸುಮಾರು. ಶಿಲ್ಪಿಗಳು ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿ ತಾಗಿದಂತೆ ಗಟ್ಟಿಯಾಗುವ ಈ ಕಲ್ಲಿನಲ್ಲಿ ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು. ತುಂಗಭದ್ರೆಯ ದಡದ ಕುರುವತ್ತಿಯಲ್ಲಿ ಮಲ್ಲಿಕಾರ್ಜುನ ದೇಗುಲದ ಮದನಿಕೆಯರು ಆ ಕೌಶಲಕ್ಕೆ ಸಾಕ್ಷಿ. ಬಾಗಳಿಯಲ್ಲಿ 50 ಕಂಬಗಳ ತೆರೆದ ಮಂಟಪದಿಂದ ಮುಚ್ಚಿದ ಮಂಟಪಕ್ಕೆ, ಅಲ್ಲಿಂದ ಅಂತರಾಳಕ್ಕೆ, ಕೊನೆಗೆ ಗರ್ಭಗೃಹಕ್ಕೆ ಸಾಗುವಾಗ ಬೆಳಕು ಹಂತಹಂತವಾಗಿ ಕುಗ್ಗುತ್ತದೆ, ನಡಿಗೆ ತಾನಾಗಿ ನಿಧಾನವಾಗುತ್ತದೆ.

ಇದರಿಂದ ನಾವು ಕಲಿಯುವುದೇನು? ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ, ಧರ್ಮಸಭೆಯು ಯಾವುದೇ ಒಂದು ಕಲಾಶೈಲಿಯನ್ನು ತನ್ನದೆಂದು ಮೀಸಲಿರಿಸಿಕೊಂಡಿಲ್ಲವೆಂದು ಸ್ಪಷ್ಟಪಡಿಸಿತು. ಸೊಲೊಮೋನನ ದೇವಾಲಯದ ತಾಮ್ರದ ಕೆಲಸಕ್ಕೂ ತೂರಿನ ಶಿಲ್ಪಿಯೇ ಬಂದಿದ್ದನಲ್ಲವೇ? ಆದರೂ ದೇಶೀಯತೆಯ ಹೆಸರಿನಲ್ಲಿ ಕಾಂಕ್ರೀಟಿನ ಕಟ್ಟಡಕ್ಕೆ ಶಿಖರವೊಂದನ್ನು ಅಂಟಿಸಿದರೆ ಸಾಲದು. ದೇಗುಲದ ಪ್ರತಿಯೊಂದು ಭಾಗವೂ ಅಲ್ಲಿನ ಆರಾಧನೆಯಿಂದ ಹುಟ್ಟಿದೆ. ಕತ್ತಲ ಗರ್ಭಗೃಹವು ದರ್ಶನಕ್ಕೆ ತಕ್ಕದ್ದು. ನಮ್ಮ ಬಲಿಪೀಠವಾದರೋ ನೆರೆದ ಸಭೆಗೆಲ್ಲ ಕಾಣಬೇಕು. ಆದುದರಿಂದ ಗರ್ಭಗೃಹವನ್ನು ಅನುಕರಿಸಿದರೆ ಅದಕ್ಕೂ ನ್ಯಾಯವಿಲ್ಲ, ನಮ್ಮ ಬಲಿಪೂಜೆಗೂ ನ್ಯಾಯವಿಲ್ಲ. ಜನ ಒಟ್ಟಾಗಿ ಕುಳಿತುಕೊಳ್ಳುವ ತೆರೆದ ಮಂಟಪ, ಸ್ಥಳೀಯ ಕಲ್ಲು, ಬೀದಿಯ ಗದ್ದಲದಿಂದ ಮೌನಕ್ಕೆ ಮೆಲ್ಲನೆ ಕರೆದೊಯ್ಯುವ ಪ್ರವೇಶ ಇವು ನಮಗೆ ಸಲ್ಲುವ ಪಾಠಗಳು.

ಮುಂದೆ ನಕ್ಷೆಗಳಿಗೆ ಒಪ್ಪಿಗೆ ನೀಡಬೇಕಾದವರು ಇಂದಿನ ನಮ್ಮ ಗುರು ಅಭ್ಯರ್ಥಿಗಳೇ. ಅವರನ್ನು ಒಂದು ದಿನವಾದರೂ ಬಾಗಳಿಗೆ ಕರೆದೊಯ್ಯೋಣ. ಅದು ಇತರರ ಆರಾಧನಾ ಸ್ಥಳವೆಂಬ ಗೌರವದಿಂದ, ಅತಿಥಿಗಳಂತೆ ಪಾದರಕ್ಷೆ ಕಳಚಿ ಒಳಹೋಗೋಣ.